ಸಹಿ ಬಿದ್ದ ಮೇಲೂ ಒಪ್ಪಂದ ಏಕೆ ಕಾಯುತ್ತದೆ?

1974ರ ಮೇ 16ರಂದು ಭಾರತ ಮತ್ತು ಬಾಂಗ್ಲಾದೇಶದ ಪ್ರಧಾನಿಗಳು ಭೂಗಡಿ ಒಪ್ಪಂದಕ್ಕೆ ಸಹಿ ಹಾಕಿದರು. ಗಡಿಯಾಚೆ ಸಿಕ್ಕಿಕೊಂಡಿದ್ದ ಭಾರತದ ನೆಲದ ತುಣುಕುಗಳು ಬಾಂಗ್ಲಾದೇಶಕ್ಕೆ, ಈಚೆ ಸಿಕ್ಕಿಕೊಂಡಿದ್ದ ಬಾಂಗ್ಲಾದ ತುಣುಕುಗಳು ಭಾರತಕ್ಕೆ ಸೇರಬೇಕಿತ್ತು. ಆ 111 ಮತ್ತು 51 ತುಣುಕುಗಳು ನಿಜವಾಗಿ ಕೈ ಬದಲಾದದ್ದು 2015ರ ಜುಲೈ 31ರ ನಡುರಾತ್ರಿ. ಸಹಿಗೂ ಜಾರಿಗೂ ನಡುವೆ 41 ವರ್ಷ. ಅಷ್ಟೂ ಕಾಲ ಸಾವಿರಾರು ಜನ ತಮ್ಮ ದೇಶದ ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ ಯಾವುದೂ ಕೈಗೆಟುಕದ ನೆಲದಲ್ಲಿ ಬದುಕಿದರು.

ಸಹಿ ಸರಿಯಾಗಿಯೇ ಇತ್ತು. ಆದರೆ ಒಪ್ಪಂದದಲ್ಲೇ ಒಂದು ವಾಕ್ಯ ಇತ್ತು: ಎರಡೂ ಸರ್ಕಾರಗಳು ಇದನ್ನು ಸ್ಥಿರೀಕರಿಸಬೇಕು, ಅಂದರೆ ಇದಕ್ಕೆ ಬದ್ಧರೆಂದು ವಿಧಿವತ್ತಾಗಿ ಗಟ್ಟಿ ಮಾಡಬೇಕು (ಇಂಗ್ಲಿಷಿನಲ್ಲಿ ರ್‍ಯಾಟಿಫಿಕೇಶನ್), ಸ್ಥಿರೀಕರಣ ಪತ್ರಗಳು ವಿನಿಮಯವಾದ ದಿನದಿಂದ ಮಾತ್ರ ಇದು ಜಾರಿಗೆ ಬರುತ್ತದೆ. ಬಾಂಗ್ಲಾದೇಶ ಅದೇ ವರ್ಷ ಆ ಕೆಲಸ ಮುಗಿಸಿತು. ಭಾರತಕ್ಕೆ ಹಾಗೆ ಮಾಡಲು ಆಗಲಿಲ್ಲ. ಏಕೆಂದರೆ ದೇಶದ ನೆಲವನ್ನು ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿಯೇ ಬೇಕು ಎಂದು ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲೇ ಅಭಿಪ್ರಾಯ ಕೊಟ್ಟಿತ್ತು. ಆ ತಿದ್ದುಪಡಿ, ಅಂದರೆ ಸಂವಿಧಾನದ ನೂರನೆಯ ತಿದ್ದುಪಡಿ, ಸಂಸತ್ತಿನಲ್ಲಿ ಪಾಸಾದದ್ದು 2015ರ ಮೇ ತಿಂಗಳಲ್ಲಿ. ಜೂನ್ 6ರಂದು ಢಾಕಾದಲ್ಲಿ ಪತ್ರಗಳ ವಿನಿಮಯ ಆಯಿತು.

ರ್‍ಯಾಟಿಫಿಕೇಶನ್ ಎಂಬ ಪದವನ್ನು ಪತ್ರಿಕೆಗಳು ಅನುಮೋದನೆ, ಅಂಗೀಕಾರ, ಒಪ್ಪಿಗೆ ಎಂದು ಬಗೆಬಗೆಯಾಗಿ ಬರೆಯುತ್ತವೆ. ಕಾನೂನಿನ ಕನ್ನಡದಲ್ಲಿ ಅನುಸಮರ್ಥನೆ, ಸ್ಥಿರೀಕರಣ ಎರಡೂ ಇವೆ. ಸ್ಥಿರೀಕರಣ ನನಗೆ ಹೆಚ್ಚು ಹಿಡಿಸುತ್ತದೆ, ಅದಕ್ಕೆ ಕಾರಣವೂ ಇದೆ. ಮೂಲದ ಲ್ಯಾಟಿನ್‌ನಲ್ಲಿ ರಾಟುಸ್ ಅಂದರೆ ನಿಶ್ಚಿತವಾದದ್ದು, ನೆಲೆ ನಿಂತದ್ದು. ಫಾಕೆರೆ ಅಂದರೆ ಮಾಡು. ಸ್ಥಿರ, ಕರಣ. ಎರಡು ಭಾಷೆಗಳ ಪದಗಳು ಒಂದೇ ಅಚ್ಚಿನಲ್ಲಿ ಎರೆದಂತಿವೆ. ಅನುಮೋದನೆ ಅನ್ನುವಾಗ ಮೆಚ್ಚಿ ತಲೆಯಾಡಿಸಿದ ಹಾಗೆ ಕೇಳುತ್ತದೆ. ಸ್ಥಿರೀಕರಣದಲ್ಲಿ ಒಂದು ಅಲುಗಾಡುವ ವಸ್ತುವನ್ನು ನೆಲಕ್ಕೆ ಊರುವ ಕೆಲಸ ಇದೆ. ನಡೆಯುವುದು ಅದೇ.

ಈ ಒಂದೇ ಪದ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ದೇಶಗಳ ನಡುವಿನ ಒಪ್ಪಂದದಲ್ಲಿ ಸ್ಥಿರೀಕರಣ ಮುಂದಕ್ಕೆ ನೋಡುತ್ತದೆ: ಸಹಿಯಾದ ಪಠ್ಯ ಇನ್ನು ಮುಂದೆ ನಮ್ಮನ್ನು ಕಟ್ಟಿಹಾಕುತ್ತದೆ ಎನ್ನುತ್ತದೆ. ವ್ಯವಹಾರದ ಕಾನೂನಿನಲ್ಲಿ ಅದು ಹಿಂದಕ್ಕೆ ನೋಡುತ್ತದೆ: ಅಧಿಕಾರ ಇಲ್ಲದೆ ನನ್ನ ಹೆಸರಲ್ಲಿ ನೀನು ಅಂದು ಮಾಡಿದ್ದನ್ನು ಅಂದಿನಿಂದಲೇ ನಾನು ಮಾಡಿದಂತೆ ಒಪ್ಪುತ್ತೇನೆ ಎನ್ನುತ್ತದೆ. ಈ ಎರಡು ದಿಕ್ಕುಗಳನ್ನು ಕಲಸಿಕೊಂಡರೆ ದಿನಾಂಕಗಳೆಲ್ಲ ತಪ್ಪುತ್ತವೆ. ದಿನಾಂಕ ತಪ್ಪಿದರೆ ಹೊಣೆ ಯಾರದು ಎಂಬುದೂ ತಪ್ಪುತ್ತದೆ.

ದೇಶಗಳ ನಡುವೆ: ಎರಡು ಹೆಜ್ಜೆ ಏಕೆ

ರಾಯಭಾರಿ ಹಡಗಿನಲ್ಲೋ ಕುದುರೆಯ ಮೇಲೋ ತಿಂಗಳುಗಟ್ಟಲೆ ಪ್ರಯಾಣ ಮಾಡುತ್ತಿದ್ದ ಕಾಲದಲ್ಲಿ ಅರಸನಿಗೆ ಅವನನ್ನು ದಾರಿ ಮಧ್ಯೆ ಕೇಳಲು ಉಪಾಯ ಇರಲಿಲ್ಲ. ಆತ ಸಹಿ ಹಾಕಿ ತಂದದ್ದು ಕೊಟ್ಟ ಅಪ್ಪಣೆಯ ಒಳಗಿದೆಯೇ ಎಂದು ನೋಡಿ ಮುದ್ರೆ ಒತ್ತುವುದೇ ಅಂದಿನ ಸ್ಥಿರೀಕರಣ. ಅಪ್ಪಣೆ ಮೀರಿಲ್ಲದಿದ್ದರೆ ಅರಸ ಒಪ್ಪಲೇಬೇಕೆಂಬ ಭಾವನೆಯೂ ಇತ್ತು. ಈಗ ಫೋನಿದೆ, ಸಹಿಗೆ ಮುಂಚೆ ಪ್ರತಿ ಅಲ್ಪವಿರಾಮವೂ ರಾಜಧಾನಿಗೆ ಹೋಗಿ ಬರುತ್ತದೆ. ಆದರೂ ಎರಡನೆಯ ಹೆಜ್ಜೆ ಉಳಿದಿದೆ. ಅದರ ಕೆಲಸ ಬದಲಾಗಿದೆ: ಈಗ ಆ ಬಿಡುವು ಇರುವುದು ಸಂಸತ್ತು ನೋಡಲಿ, ಬೇಕಾದ ಕಾನೂನು ಮೊದಲು ಬರಲಿ, ಹಣ ಮತ್ತು ಸಿಬ್ಬಂದಿ ಅಣಿಯಾಗಲಿ ಎಂದು. ಪಾಲಿಸಲು ಸಿದ್ಧತೆ ಇಲ್ಲದೆ ಬದ್ಧರಾಗುವುದಕ್ಕಿಂತ ಎರಡು ವರ್ಷ ತಡವಾಗಿ ಬದ್ಧರಾಗುವುದು ಒಳ್ಳೆಯದು.

ಇದರ ನಿಯಮಗಳ ಮೂಲ ಪಠ್ಯ 1969ರ ವಿಯೆನ್ನಾ ಒಪ್ಪಂದ ಕಾನೂನು ಸಮಾವೇಶ. ಅದೂ 35 ದೇಶಗಳು ಬದ್ಧವಾಗುವವರೆಗೆ ಕಾದು 1980ರ ಜನವರಿ 27ರಂದು ಜಾರಿಗೆ ಬಂತು. ಅದರ ಪ್ರಕಾರ ಕೆಲಸ ಸಾಗುವ ಬಗೆ ಹೀಗಿದೆ. ಮಾತುಕತೆ ಮುಗಿದ ಮೇಲೆ ಪಠ್ಯವನ್ನು ಅಂತಿಮಗೊಳಿಸುತ್ತಾರೆ. ಎಷ್ಟೋ ಸಲ ಸಂಧಾನಕಾರರು ಪುಟಗಳಿಗೆ ಚುಟುಕು ಸಹಿ ಹಾಕಿ ಪಠ್ಯವನ್ನು ಬೀಗ ಹಾಕಿಡುತ್ತಾರೆ. ಆಮೇಲೆ ಪೂರ್ಣ ಸಹಿ. ರಾಷ್ಟ್ರದ ಮುಖ್ಯಸ್ಥರು, ಸರ್ಕಾರದ ಮುಖ್ಯಸ್ಥರು, ವಿದೇಶಾಂಗ ಸಚಿವರು ಈ ಮೂವರನ್ನು ಬಿಟ್ಟು ಬೇರೆ ಯಾರು ಸಹಿ ಹಾಕುವುದಾದರೂ ಸಾಮಾನ್ಯವಾಗಿ ಪೂರ್ಣಾಧಿಕಾರ ಪತ್ರ ತರಬೇಕು. ಒಪ್ಪಂದದಲ್ಲಿ ‘ಸ್ಥಿರೀಕರಣಕ್ಕೆ ಒಳಪಟ್ಟು’ ಎಂದಿದ್ದರೆ ಆ ಸಹಿ ದೇಶವನ್ನು ಒಪ್ಪಂದಕ್ಕೆ ಕಟ್ಟುವುದಿಲ್ಲ. ಹಾಗೆ ಇಲ್ಲದೆ ಸಹಿಯೇ ಸಾಕು ಎಂದಿದ್ದರೆ ಅಂದೇ ಕಟ್ಟು ಬೀಳುತ್ತದೆ. ಆದ್ದರಿಂದ ಯಾವುದೇ ಒಪ್ಪಂದ ಕೈಗೆ ಬಂದಾಗ ಮೊದಲು ಓದಬೇಕಾದ್ದು ಕೊನೆಯ ನಾಲ್ಕೈದು ವಿಧಿಗಳು. ಸಹಿ, ಸ್ಥಿರೀಕರಣ, ಜಾರಿ, ಮೀಸಲಾತಿ (ಕೆಲವು ವಿಧಿ ನಮಗೆ ಇಷ್ಟೇ ಅನ್ವಯ ಎಂಬ ಷರತ್ತು), ಹೊರಬರುವ ದಾರಿ ಎಲ್ಲ ಅಲ್ಲೇ ಇರುತ್ತವೆ, ಹೆಚ್ಚಿನವರು ಅಲ್ಲಿಗೆ ಬರುವಷ್ಟರಲ್ಲಿ ಓದಿ ದಣಿದಿರುತ್ತಾರೆ.

ಹಾಗಾದರೆ ಸ್ಥಿರೀಕರಣಕ್ಕೆ ಮುಂಚಿನ ಸಹಿಗೆ ಬೆಲೆಯೇ ಇಲ್ಲವೇ? ಇದೆ, ಕಡಿಮೆ ಬೆಲೆ. ವಿಯೆನ್ನಾ ಸಮಾವೇಶದ 18ನೇ ವಿಧಿಯ ಪ್ರಕಾರ ಸಹಿ ಹಾಕಿದ ದೇಶ ಒಪ್ಪಂದದ ಉದ್ದೇಶವನ್ನೇ ಮುರಿಯುವಂಥ ಕೆಲಸ ಮಾಡಬಾರದು. ತಾನು ಅದರ ಪಕ್ಷಕಾರ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುವವರೆಗೂ ಈ ಸಂಯಮ ಇರಬೇಕು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನಕ್ಕೆ ಅಮೆರಿಕ 2000ದ ಡಿಸೆಂಬರ್ 31ರಂದು ಸಹಿ ಹಾಕಿ, 2002ರ ಮೇ 6ರಂದು ‘ಪಕ್ಷಕಾರ ಆಗುವ ಉದ್ದೇಶ ನಮಗಿಲ್ಲ’ ಎಂದು ವಿಶ್ವಸಂಸ್ಥೆಗೆ ಪತ್ರ ಬರೆದದ್ದು ಇದೇ ಹೊಣೆಯಿಂದ ಬಿಡಿಸಿಕೊಳ್ಳಲು. ಸುದ್ದಿಗಳು ಇದನ್ನು ಸಹಿ ಅಳಿಸಿದ ಹಾಗೆ ಬರೆದವು. ಸಹಿ ಅಳಿಯುವುದಿಲ್ಲ, ಅದರಿಂದ ಬಂದ ಸಂಯಮದ ಹೊಣೆ ಮಾತ್ರ ಕಳಚುತ್ತದೆ.

ದೇಶದ ಒಳಗೆ ಯಾರು ಒಪ್ಪಬೇಕು ಎಂಬುದು ಆಯಾ ಸಂವಿಧಾನದ ವಿಷಯ. ಇಲ್ಲಿ ಒಂದು ತಪ್ಪು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ: ‘ಅಮೆರಿಕದ ಸೆನೆಟ್ ಒಪ್ಪಂದವನ್ನು ಸ್ಥಿರೀಕರಿಸಿತು’ ಎಂಬುದು. ಸೆನೆಟ್ ಸ್ಥಿರೀಕರಿಸುವುದಿಲ್ಲ. ಹಾಜರಿದ್ದ ಸದಸ್ಯರ ಮೂರನೇ ಎರಡು ಮತದಿಂದ ಅದು ಸಲಹೆ ಮತ್ತು ಸಮ್ಮತಿ ಕೊಡುತ್ತದೆ, ಸ್ಥಿರೀಕರಿಸುವವರು ಅಧ್ಯಕ್ಷರು. ಸೆನೆಟ್ ಒಪ್ಪಿದ ಮೇಲೂ ಅಧ್ಯಕ್ಷರು ಸುಮ್ಮನಿರಬಹುದು. ಸೆನೆಟ್ ಒಪ್ಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ನಿದರ್ಶನ ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದ. 1919ರ ಜೂನ್ 28ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಸ್ವತಃ ಸಹಿ ಹಾಕಿದ್ದರು. 1920ರ ಮಾರ್ಚ್ 19ರಂದು ಸೆನೆಟ್‌ನಲ್ಲಿ ಪರ 49, ವಿರೋಧ 35 ಮತ ಬಿದ್ದವು. ಬಹುಮತ ಇತ್ತು, ಮೂರನೇ ಎರಡು ಇರಲಿಲ್ಲ. ಏಳು ಮತ ಕಡಿಮೆ. ಆ ಒಪ್ಪಂದದಿಂದಲೇ ಹುಟ್ಟಿದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಕನಸು ಕಟ್ಟಿದವನ ದೇಶವೇ ಅದರ ಸದಸ್ಯ ಆಗಲಿಲ್ಲ.

ಬ್ರಿಟನ್ನಿನಲ್ಲಿ 2010ರ ಕಾನೂನಿನಂತೆ ಒಪ್ಪಂದವನ್ನು ಸಾಮಾನ್ಯವಾಗಿ ಸಂಸತ್ತಿನ ಮುಂದೆ 21 ಅಧಿವೇಶನ ದಿನ ಇಡಬೇಕು. ಯಾವ ಸದನವೂ ಬೇಡ ಎನ್ನದಿದ್ದರೆ ಸರ್ಕಾರ ಮುಂದುವರಿಯಬಹುದು. ಮೌನವೇ ಸಮ್ಮತಿ ಎಂಬ ಪದ್ಧತಿ. ಭಾರತದಲ್ಲಿ ಒಪ್ಪಂದ ಮಾಡಿಕೊಳ್ಳುವುದು ಕಾರ್ಯಾಂಗದ ಅಧಿಕಾರ. ಸಚಿವ ಸಂಪುಟ ಒಪ್ಪುತ್ತದೆ, ಸ್ಥಿರೀಕರಣ ಪತ್ರಕ್ಕೆ ಸಾಮಾನ್ಯವಾಗಿ ರಾಷ್ಟ್ರಪತಿಗಳ ಸಹಿ ಬೀಳುತ್ತದೆ. ಸಂಸತ್ತಿನ ಮತ ಕಡ್ಡಾಯವಲ್ಲ. ಆದರೆ ಒಪ್ಪಂದದಿಂದ ನಾಗರಿಕರ ಹಕ್ಕು ಬದಲಾಗುವುದಾದರೆ, ಇರುವ ಕಾನೂನು ತಿದ್ದಬೇಕಾದರೆ, ಸಂವಿಧಾನದ 253ನೇ ವಿಧಿಯಡಿ ಸಂಸತ್ತು ಕಾನೂನು ಮಾಡಬೇಕು. ನೆಲ ಬಿಟ್ಟುಕೊಡುವುದಾದರೆ ಸಂವಿಧಾನವನ್ನೇ ತಿದ್ದಬೇಕು. ಮೊದಲ ಉದಾಹರಣೆಯಲ್ಲಿ 41 ವರ್ಷ ಹಿಡಿದದ್ದು ಇಲ್ಲಿ. ಐರ್ಲೆಂಡ್ ಜನಮತ ಕೇಳುತ್ತದೆ: ಯುರೋಪ್ ಒಕ್ಕೂಟದ ಲಿಸ್ಬನ್ ಒಪ್ಪಂದವನ್ನು ಅಲ್ಲಿನ ಜನ 2008ರ ಜೂನ್‌ನಲ್ಲಿ ತಿರಸ್ಕರಿಸಿ, ಕೆಲವು ಭರವಸೆಗಳು ಸಿಕ್ಕ ಮೇಲೆ 2009ರ ಅಕ್ಟೋಬರ್‌ನಲ್ಲಿ ಒಪ್ಪಿದರು. ಎಲ್ಲ ಸದಸ್ಯರೂ ಒಪ್ಪಲೇಬೇಕಿದ್ದ ಒಪ್ಪಂದ ಅದು, ಹಾಗಾಗಿ ಇಡೀ ಒಕ್ಕೂಟ ಕಾಯಿತು.

ಒಳಗಿನ ಒಪ್ಪಿಗೆ ಸಿಕ್ಕರೆ ಸ್ಥಿರೀಕರಣ ಆಯಿತು ಎಂದುಕೊಳ್ಳುವುದು ಇನ್ನೊಂದು ತಪ್ಪು. ಸಂಪುಟದ ತೀರ್ಮಾನ, ಸದನದ ಮತ, ಜನಮತ ಇವೆಲ್ಲ ಮನೆಯೊಳಗಿನ ಮಾತು. ಹೊರಗಿನ ಜಗತ್ತಿಗೆ ಸ್ಥಿರೀಕರಣ ಆಗುವುದು ಪತ್ರ ತಲುಪಿದಾಗ. ಎರಡೇ ದೇಶಗಳಿದ್ದರೆ ಪತ್ರಗಳ ವಿನಿಮಯ. ಹಲವು ದೇಶಗಳಿದ್ದರೆ ಒಪ್ಪಂದದಲ್ಲಿ ಹೆಸರಿಸಿದ ಠೇವಣಿದಾರರ (ಪತ್ರಗಳನ್ನು ಪಡೆದು ಕಾಪಾಡುವವರ) ಬಳಿ ಠೇವಣಿ. ಬಹುಪಕ್ಷೀಯ ಒಪ್ಪಂದಗಳಲ್ಲಿ ಈ ಠೇವಣಿದಾರರು ಎಷ್ಟೋ ಸಲ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ. ಪತ್ರದಲ್ಲಿ ಇರಬೇಕಾದ್ದು ಹೆಚ್ಚಿಲ್ಲ, ಆದರೆ ಯಾವುದೂ ಬಿಡುವಂತಿಲ್ಲ: ಒಪ್ಪಂದದ ಪೂರ್ಣ ಹೆಸರು, ಅದು ಆದ ದಿನಾಂಕ ಮತ್ತು ಸ್ಥಳ, ಸಹಿ ಹಾಕುವವರ ಪೂರ್ಣ ಹೆಸರು ಮತ್ತು ಹುದ್ದೆ, ಬದ್ಧರಾಗುವ ಉದ್ದೇಶದ ನೇರ ಮಾತು, ಪತ್ರ ಹೊರಡಿಸಿದ ದಿನ ಮತ್ತು ಜಾಗ, ಮತ್ತು ರಾಷ್ಟ್ರದ ಮುಖ್ಯಸ್ಥರು, ಸರ್ಕಾರದ ಮುಖ್ಯಸ್ಥರು, ವಿದೇಶಾಂಗ ಸಚಿವರು ಈ ಮೂವರಲ್ಲಿ ಒಬ್ಬರ ಸಹಿ. ಬರಿಯ ಮುದ್ರೆ ಸಾಲದು. ಮೀಸಲಾತಿ, ಅಂದರೆ ‘ಇಂಥ ವಿಧಿ ನಮಗೆ ಇಷ್ಟರ ಮಟ್ಟಿಗೆ ಮಾತ್ರ ಅನ್ವಯ’ ಎಂಬ ಷರತ್ತು, ಹೇಳುವುದಿದ್ದರೆ ಅದು ಈ ಪತ್ರದೊಂದಿಗೇ ಹೋಗಬೇಕು. ಒಪ್ಪಂದವೇ ಮೀಸಲಾತಿಯನ್ನು ನಿಷೇಧಿಸಿದ್ದರೆ ಅದಕ್ಕೂ ಅವಕಾಶ ಇಲ್ಲ. ರೋಮ್ ಶಾಸನ ಅಂಥದ್ದು.

ಮೊದಲು ಸಹಿ ಹಾಕದ ದೇಶ ನಂತರ ಸೇರಬೇಕಾದರೆ ಒಂದೇ ಹೆಜ್ಜೆ, ಅದಕ್ಕೆ ಸೇರ್ಪಡೆ ಎಂದು ಹೆಸರು. ಪರಿಣಾಮದಲ್ಲಿ ಸ್ಥಿರೀಕರಣಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಒಪ್ಪಂದಗಳಲ್ಲಿ ಕಾಣುವ ಸ್ವೀಕಾರ, ಅನುಮೋದನೆ ಎಂಬ ಪದಗಳೂ ಅಷ್ಟೇ. ಹೆಸರು ಬೇರೆ, ಕಟ್ಟು ಒಂದೇ.

ಎಣಿಕೆಯ ಲೆಕ್ಕ

ಒಂದು ದೇಶ ಸ್ಥಿರೀಕರಿಸಿದ ಮಾತ್ರಕ್ಕೆ ಒಪ್ಪಂದ ಜೀವ ಪಡೆಯುವುದಿಲ್ಲ. ಬಹುಪಕ್ಷೀಯ ಒಪ್ಪಂದಗಳಿಗೆ ಹೊಸ್ತಿಲು ಇರುತ್ತದೆ, ಹೊಸ್ತಿಲು ದಾಟಿದ ಮೇಲೆ ಕಾಯುವ ಅವಧಿ ಇರುತ್ತದೆ. ಈ ಲೆಕ್ಕ ಹಾಕಲು ಬರಬೇಕು. ರೋಮ್ ಶಾಸನಕ್ಕೆ 60 ದೇಶಗಳು ಬೇಕಿತ್ತು. ಅರುವತ್ತನೆಯ ಪತ್ರ ಬಿದ್ದ ನಂತರದ 60ನೇ ದಿನ ಕಳೆದು ಬರುವ ತಿಂಗಳ ಮೊದಲ ದಿನ ಜಾರಿ. 2002ರ ಏಪ್ರಿಲ್ 11ರಂದು ಹತ್ತು ದೇಶಗಳು ಒಟ್ಟಿಗೇ ಪತ್ರ ಸಲ್ಲಿಸಿ ಸಂಖ್ಯೆ 66 ಆಯಿತು. ಹತ್ತರಲ್ಲಿ ಅರುವತ್ತನೆಯದು ಯಾವುದು ಎಂಬ ಪ್ರಶ್ನೆ ಬೇಡವೆಂದೇ ಹಾಗೆ ಒಟ್ಟಿಗೆ ಕೊಟ್ಟದ್ದು. ಅಲ್ಲಿಂದ 60 ದಿನ ಎಣಿಸಿದರೆ ಜೂನ್ 10. ಮುಂದಿನ ತಿಂಗಳ ಮೊದಲ ದಿನ ಜುಲೈ 1. ಆ ನ್ಯಾಯಾಲಯದ ಅಧಿಕಾರ ಶುರುವಾಗುವುದು 2002ರ ಜುಲೈ 1ರ ನಂತರದ ಅಪರಾಧಗಳಿಗೆ ಮಾತ್ರ. ಒಂದು ದಿನ ಆಚೀಚೆಯಾದರೂ ಅಪರಾಧಿಗೆ ಶಿಕ್ಷೆ ಇದೆಯೋ ಇಲ್ಲವೋ ಎಂಬುದು ಬದಲಾಗುತ್ತದೆ.

ಹವಾಮಾನದ ಒಪ್ಪಂದಗಳಲ್ಲಿ ಹೊಸ್ತಿಲು ಎರಡು. ಕ್ಯೋಟೊ ಒಡಂಬಡಿಕೆಗೆ 55 ದೇಶಗಳು ಬೇಕು, ಜೊತೆಗೆ ಕೈಗಾರಿಕಾ ದೇಶಗಳ 1990ರ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡ 55 ಅವರ ಪಾಲಾಗಿರಬೇಕು. ದೇಶಗಳ ಸಂಖ್ಯೆ ಬೇಗ ತುಂಬಿತು, ಪ್ರಮಾಣ ತುಂಬಲಿಲ್ಲ. ಅಮೆರಿಕ ಹಿಂದೆ ಸರಿದ ಮೇಲೆ ರಷ್ಯಾ ಬಾರದೆ ಲೆಕ್ಕ ಕೂಡುತ್ತಲೇ ಇರಲಿಲ್ಲ. ರಷ್ಯಾ 2004ರ ನವೆಂಬರ್ 18ರಂದು ಪತ್ರ ಸಲ್ಲಿಸಿತು. 90ನೇ ದಿನ, 2005ರ ಫೆಬ್ರವರಿ 16ರಂದು ಒಡಂಬಡಿಕೆ ಜಾರಿಗೆ ಬಂತು. 1997ರಲ್ಲಿ ಒಪ್ಪಿದ ಪಠ್ಯ ಏಳು ವರ್ಷ ಕಾಯಿತು. ಪ್ಯಾರಿಸ್ ಒಪ್ಪಂದದಲ್ಲೂ 55 ಮತ್ತು ಶೇಕಡ 55ರ ಜೋಡಿಯೇ ಇತ್ತು, ಆದರೆ ಪ್ರಮಾಣವನ್ನು ಇಡೀ ಜಗತ್ತಿನ ಹೊರಸೂಸುವಿಕೆಯ ಮೇಲೆ ಲೆಕ್ಕ ಹಾಕಿದರು. 2016ರ ಅಕ್ಟೋಬರ್ 2ರಂದು ಭಾರತ ಪತ್ರ ಕೊಟ್ಟಿತು, ಅಕ್ಟೋಬರ್ 5ರಂದು ಹೊಸ್ತಿಲು ದಾಟಿತು, 30 ದಿನ ಕಳೆದು ನವೆಂಬರ್ 4ರಂದು ಜಾರಿ. ಸಹಿಗೆ ತೆರೆದ ಏಪ್ರಿಲ್ 22ರಿಂದ ಎಣಿಸಿದರೆ ಏಳು ತಿಂಗಳೂ ಹಿಡಿಯಲಿಲ್ಲ.

ಹೊಸ್ತಿಲನ್ನು ತಪ್ಪಾಗಿ ಕಟ್ಟಿದರೆ ಆಗುವುದನ್ನು ನೋಡಬೇಕಾದರೆ ಸಮಗ್ರ ಅಣುಪರೀಕ್ಷೆ ನಿಷೇಧ ಒಪ್ಪಂದವನ್ನು ನೋಡಬೇಕು. 1996ರ ಸೆಪ್ಟೆಂಬರ್ 24ರಂದು ಸಹಿಗೆ ತೆರೆದ ಆ ಒಪ್ಪಂದ ಇನ್ನೂ ಜಾರಿಯಾಗಿಲ್ಲ. 170ಕ್ಕೂ ಹೆಚ್ಚು ದೇಶಗಳು ಸ್ಥಿರೀಕರಿಸಿದ್ದರೂ ಪ್ರಯೋಜನ ಇಲ್ಲ, ಏಕೆಂದರೆ ಅಲ್ಲಿ ಬೇಕಾದ್ದು ಸಂಖ್ಯೆಯಲ್ಲ, ಹೆಸರು. ಅನುಬಂಧದಲ್ಲಿ ಹೆಸರಿಸಿದ 44 ದೇಶಗಳೂ ಸ್ಥಿರೀಕರಿಸಬೇಕು. ಅವುಗಳಲ್ಲಿ ಭಾರತ, ಪಾಕಿಸ್ತಾನ, ಉತ್ತರ ಕೊರಿಯ ಸಹಿಯನ್ನೇ ಹಾಕಿಲ್ಲ; ಅಮೆರಿಕ, ಚೀನಾ ಸಹಿ ಹಾಕಿ ನಿಂತಿವೆ; ರಷ್ಯಾ 2000ದಲ್ಲಿ ಮಾಡಿದ ಸ್ಥಿರೀಕರಣವನ್ನು 2023ರಲ್ಲಿ ಹಿಂತೆಗೆದುಕೊಂಡಿತು. ಪ್ರತಿಯೊಬ್ಬರಿಗೂ ತಡೆಯುವ ಶಕ್ತಿ ಕೊಟ್ಟ ಮೇಲೆ ಯಾರೋ ಒಬ್ಬರು ಅದನ್ನು ಬಳಸುತ್ತಾರೆ. ಸಣ್ಣ ಒಕ್ಕೂಟದ ನಿಯಮಾವಳಿ ಬರೆಯುವವರಿಗೂ ಇದು ನೆನಪಿರಲಿ.

ಕಟ್ಟು ಬಿದ್ದ ಮೇಲೆ ‘ನಮ್ಮ ದೇಶದ ಕಾನೂನು ಬಿಡುವುದಿಲ್ಲ’ ಎಂಬ ನೆಪ ನಡೆಯುವುದಿಲ್ಲ. ವಿಯೆನ್ನಾ ಸಮಾವೇಶದ 27ನೇ ವಿಧಿ ಅದನ್ನು ನೇರವಾಗಿ ತಳ್ಳಿಹಾಕುತ್ತದೆ. ಹಾಗಾಗಿಯೇ ಕೆಲವು ದೇಶಗಳು ಕಾನೂನು ಮೊದಲು, ಸ್ಥಿರೀಕರಣ ಆಮೇಲೆ ಎಂಬ ಕ್ರಮ ಇಟ್ಟುಕೊಳ್ಳುತ್ತವೆ. ಭಾರತ 1997ರಲ್ಲಿ ಸಹಿ ಹಾಕಿದ ಚಿತ್ರಹಿಂಸೆ ವಿರೋಧಿ ಸಮಾವೇಶ ಇನ್ನೂ ಸ್ಥಿರೀಕರಣ ಕಾಣದೆ ಇರುವುದು ಆ ಕಾನೂನು ಬಾರದೆ ಇರುವುದರಿಂದ. ಕ್ರಮ ಸರಿ, ವಿಳಂಬ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಾನೂನು ಬರಲಿ ಎಂದು ಕಾಯುವುದಕ್ಕೂ ಕಾನೂನು ತರದೇ ಇರುವುದಕ್ಕೂ ಅಂತರ ಇದೆ.

ವ್ಯವಹಾರದಲ್ಲಿ: ಹಿಂದಕ್ಕೆ ಚಾಚುವ ಒಪ್ಪಿಗೆ

ಇನ್ನೊಂದು ದಿಕ್ಕಿಗೆ ಬರೋಣ. ಸಂಸ್ಥೆಯ ಕಾರ್ಯದರ್ಶಿ ತನಗೆ ಅಧಿಕಾರ ಇಲ್ಲದ ಮೊತ್ತಕ್ಕೆ ಸಂಸ್ಥೆಯ ಹೆಸರಲ್ಲಿ ಕರಾರು ಮಾಡಿಬಿಟ್ಟಿರುತ್ತಾರೆ. ಕೆಲಸ ತುರ್ತು, ಸಭೆ ಕರೆಯಲು ಸಮಯ ಇರಲಿಲ್ಲ. ಆಮೇಲೆ ಆಡಳಿತ ಮಂಡಳಿ ಒಪ್ಪುತ್ತದೆ. ಸರ್ಕಾರಿ ಕಡತಗಳಲ್ಲಿ ಘಟನೋತ್ತರ ಅನುಮೋದನೆ ಎನ್ನುವುದು ಇದನ್ನೇ. ಭಾರತೀಯ ಕರಾರು ಅಧಿನಿಯಮ 1872ರ 196ರಿಂದ 200ರವರೆಗಿನ ಐದು ಕಲಮುಗಳು ಇದರ ಬಗ್ಗೆ ಇವೆ. ಇಂಗ್ಲಿಷ್ ಕಾನೂನಿನ ಸಾರವೂ ಹೆಚ್ಚುಕಡಿಮೆ ಇದೇ. ಒಪ್ಪಿದರೆ, ಅಧಿಕಾರವನ್ನು ಮೊದಲೇ ಕೊಟ್ಟಿದ್ದರೆ ಏನಾಗುತ್ತಿತ್ತೋ ಅದೇ ಆಗುತ್ತದೆ. ಕರಾರು ಆ ಹಳೆಯ ದಿನಾಂಕದಿಂದಲೇ ಸಂಸ್ಥೆಯದು.

ಈ ಹಿಂದಕ್ಕೆ ಚಾಚುವ ಗುಣ ಎಷ್ಟು ಗಟ್ಟಿ ಎಂಬುದಕ್ಕೆ 1889ರ ಬೋಲ್ಟನ್ ಪಾರ್ಟ್‌ನರ್ಸ್ ವಿರುದ್ಧ ಲ್ಯಾಂಬರ್ಟ್ ಎಂಬ ಇಂಗ್ಲಿಷ್ ತೀರ್ಪು ಹೆಸರಾಗಿದೆ. ಲ್ಯಾಂಬರ್ಟ್ ಕಂಪನಿಗೆ ಒಂದು ಪ್ರಸ್ತಾವ ಇಟ್ಟ; ಅಧಿಕಾರ ಇಲ್ಲದ ವ್ಯವಸ್ಥಾಪಕ ನಿರ್ದೇಶಕ ಒಪ್ಪಿಬಿಟ್ಟ; ಲ್ಯಾಂಬರ್ಟ್ ಮನಸ್ಸು ಬದಲಿಸಿ ಪ್ರಸ್ತಾವ ವಾಪಸ್ ತೆಗೆದುಕೊಂಡ; ಅದಾದ ಮೇಲೆ ಕಂಪನಿ ಸ್ಥಿರೀಕರಿಸಿತು. ಸ್ಥಿರೀಕರಣ ಮೊದಲ ಒಪ್ಪಿಗೆಯ ದಿನಕ್ಕೇ ಹಿಂದೆ ಹೋಗುವುದರಿಂದ ವಾಪಸಾತಿ ತಡವಾಯಿತು ಎಂದು ನ್ಯಾಯಾಲಯ ಹೇಳಿತು. ಕಂಪನಿಗೆ ಬೇಕಾದರೆ ಒಪ್ಪುವ, ಬೇಡವಾದರೆ ಬಿಡುವ ಅವಕಾಶ; ಲ್ಯಾಂಬರ್ಟ್‌ಗೆ ಹೊರಬರುವ ದಾರಿಯೇ ಇಲ್ಲ. ಈ ತೀರ್ಪಿನ ಮೇಲೆ ಬಂದ ಟೀಕೆ ನ್ಯಾಯವಾದದ್ದೇ. ಎದುರು ಪಕ್ಷದಲ್ಲಿರುವವರು ತಮ್ಮನ್ನು ಕಾಪಾಡಿಕೊಳ್ಳುವ ದಾರಿ ಸರಳ: ‘ಮಂಡಳಿಯ ಸ್ಥಿರೀಕರಣಕ್ಕೆ ಒಳಪಟ್ಟು’ ಎಂಬ ಮಾತನ್ನು ಕರಾರಿನಲ್ಲೇ ಬರೆಸಿ, ಅದಕ್ಕೊಂದು ಕೊನೆಯ ದಿನಾಂಕ ಹಾಕಿಸಬೇಕು. ಆಗ ಸ್ಥಿರೀಕರಣ ಆಗುವವರೆಗೆ ಯಾರೂ ಬದ್ಧರಲ್ಲ, ದಿನಾಂಕ ಮೀರಿದರೆ ಇಬ್ಬರೂ ಬಿಡುಗಡೆ.

ಆದರೆ ಸ್ಥಿರೀಕರಣದಿಂದ ಎಲ್ಲವೂ ಸರಿಹೋಗುವುದಿಲ್ಲ. ಕರಾರು ಮಾಡಿದವನು ಆ ಹೊತ್ತಿನಲ್ಲಿ ‘ಇಂಥವರ ಪರವಾಗಿ’ ಎಂದು ಹೇಳಿರಬೇಕು. 1901ರ ಕೀಲಿ ಮ್ಯಾಕ್ಸ್‌ಟೆಡ್ ಪ್ರಕರಣದಲ್ಲಿ ಏಜೆಂಟ್ ಕೊಟ್ಟ ಬೆಲೆಮಿತಿ ಮೀರಿ ತನ್ನದೇ ಹೆಸರಲ್ಲಿ ಗೋಧಿ ಕೊಂಡಿದ್ದ. ಮನಸ್ಸಿನಲ್ಲಿ ಮಾಲೀಕನಿಗೂ ಎಂದಿತ್ತು. ಮಾಲೀಕ ಮರುದಿನ ಒಪ್ಪಿದರೂ ಅದು ಸ್ಥಿರೀಕರಣ ಆಗಲಿಲ್ಲ, ಮಾರಿದವರು ಮಾಲೀಕನನ್ನು ಹಿಡಿಯಲಾಗಲಿಲ್ಲ. ಮನಸ್ಸಿನಲ್ಲಿದ್ದ ಹೆಸರು ಸಾಲದು. ಇನ್ನು, ಒಪ್ಪುವವನು ಕರಾರಿನ ದಿನ ಅಸ್ತಿತ್ವದಲ್ಲಿ ಇರಬೇಕು. 1866ರ ಕೆಲ್ನರ್ ವಿರುದ್ಧ ಬ್ಯಾಕ್ಸ್‌ಟರ್ ಪ್ರಕರಣದಲ್ಲಿ ಇನ್ನೂ ನೋಂದಣಿಯಾಗದ ಹೋಟೆಲ್ ಕಂಪನಿಯ ಪರವಾಗಿ ವೈನ್ ಕೊಂಡಿದ್ದರು. ಕಂಪನಿ ಹುಟ್ಟಿ, ಸ್ಥಿರೀಕರಿಸಿ, ವೈನ್ ಖರ್ಚಾಗಿ, ಕಂಪನಿ ಮುಳುಗಿತು. ಹುಟ್ಟುವ ಮುಂಚಿನ ಕರಾರನ್ನು ಸ್ಥಿರೀಕರಿಸಲಾಗದು ಎಂದು ನ್ಯಾಯಾಲಯ ಹೇಳಿ, ಸಹಿ ಹಾಕಿದವರೇ ಕೈಯಿಂದ ಹಣ ಕಟ್ಟುವಂತಾಯಿತು. ಹೊಸ ಕಂಪನಿ ಕಟ್ಟುವವರು ನೋಂದಣಿಗೆ ಮುಂಚೆ ಬಾಡಿಗೆ ಕರಾರು, ಸಾಫ್ಟ್‌ವೇರ್ ಕರಾರುಗಳಿಗೆ ಸಹಿ ಹಾಕುವಾಗ ಇದನ್ನು ಮರೆಯುತ್ತಾರೆ. ಭಾರತದಲ್ಲಿ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ ಸ್ವಲ್ಪ ದಾರಿ ಬಿಟ್ಟಿದೆ: ಕರಾರು ಕಂಪನಿಯ ಉದ್ದೇಶಕ್ಕಾಗಿಯೇ ಆಗಿದ್ದು, ಸ್ಥಾಪನೆಯ ಷರತ್ತುಗಳಲ್ಲಿ ಅದಕ್ಕೆ ಆಧಾರ ಇದ್ದು, ಕಂಪನಿ ಅದನ್ನು ಸ್ವೀಕರಿಸಿ ಎದುರು ಪಕ್ಷಕ್ಕೆ ತಿಳಿಸಿದರೆ ಜಾರಿ ಮಾಡಿಸಬಹುದು. ನಿರಾಳವಾದ ದಾರಿ ಎಂದರೆ ಕಂಪನಿ ಹುಟ್ಟಿದ ಮೇಲೆ ಹೊಸ ಕರಾರನ್ನೇ ಮಾಡಿಕೊಳ್ಳುವುದು.

ಮೊದಲಿಂದಲೇ ಶೂನ್ಯವಾದದ್ದನ್ನೂ ಎಬ್ಬಿಸಲಾಗದು. ಅಪ್ರಾಪ್ತ ವಯಸ್ಕ ಮಾಡಿದ ಕರಾರನ್ನು ಆತ 18 ತುಂಬಿದ ಮೇಲೆ ಸ್ಥಿರೀಕರಿಸುವಂತಿಲ್ಲ. ಮೊಹೊರಿ ಬೀಬಿ ಪ್ರಕರಣದ 1903ರ ತೀರ್ಪಿನಿಂದ ಅಂಥ ಕರಾರು ಶೂನ್ಯ. ನಕಲಿ ಸಹಿಯ ಕತೆಯೂ ಅದೇ. ಕಂಪನಿಯ ಉದ್ದೇಶಗಳನ್ನೇ ಮೀರಿದ ಕರಾರನ್ನು ಎಲ್ಲ ಷೇರುದಾರರೂ ಒಮ್ಮತದಿಂದ ಒಪ್ಪಿದರೂ ಉಳಿಸಲಾಗದು ಎಂದು 1875ರ ಆ್ಯಶ್‌ಬರಿ ರೈಲ್ವೆ ಪ್ರಕರಣ ಹೇಳಿತು.

ಕರಾರು ಅಧಿನಿಯಮದ 200ನೇ ಕಲಮಿನ ಉದಾಹರಣೆ ನನಗೆ ತುಂಬ ಮೆಚ್ಚು. ಬಾಡಿಗೆದಾರನನ್ನು ಬಿಡಿಸಲು ಮೂರು ತಿಂಗಳ ನೋಟಿಸ್ ಬೇಕು. ಯಾರೋ ಅಧಿಕಾರ ಇಲ್ಲದವನು ನೋಟಿಸ್ ಕೊಡುತ್ತಾನೆ. ಮಾಲೀಕ ಅದನ್ನು ಆಮೇಲೆ ಸ್ಥಿರೀಕರಿಸಿ ಬಾಡಿಗೆದಾರನನ್ನು ಕಟ್ಟಿಹಾಕುವಂತಿಲ್ಲ. ಮೂರನೆಯವರ ಹಕ್ಕನ್ನು ಕಸಿಯಲು ಸ್ಥಿರೀಕರಣ ಸಾಧನವಲ್ಲ. ನೋಟಿಸ್ ಬಂದ ದಿನ ಅದು ನಿಜವೋ ಅಲ್ಲವೋ ಎಂದು ತಿಳಿಯುವ ಹಕ್ಕು ಬಾಡಿಗೆದಾರನಿಗಿದೆ.

ಅಂದಹಾಗೆ ಒಂದು ಅಪವಾದ: ಕಡಲ ವಿಮೆ. ಹಡಗು ಮುಳುಗಿದ ಸುದ್ದಿ ತಿಳಿದ ಮೇಲೂ, ತನ್ನ ಪರವಾಗಿ ಬೇರೆಯವರು ಸದ್ಭಾವದಿಂದ ಮಾಡಿಸಿದ ವಿಮೆಯನ್ನು ಸ್ಥಿರೀಕರಿಸಬಹುದು ಎಂದು ಬ್ರಿಟನ್ನಿನ 1906ರ ಕಾನೂನಿನ 86ನೇ ಕಲಮು ಹೇಳುತ್ತದೆ. ದೂರದ ಬಂದರುಗಳಿಂದ ಸುದ್ದಿ ತಡವಾಗಿ ಬರುತ್ತಿದ್ದ ವ್ಯಾಪಾರದ ಅಗತ್ಯ ಅದು.

ನಿರ್ಣಯ ಬರೆಯುವಾಗ

ಮಂಡಳಿಗಳಲ್ಲಿ ಹೆಚ್ಚು ಕೆಡುವುದು ಪದದಲ್ಲಿ. ‘ವಿಷಯವನ್ನು ಗಮನಿಸಲಾಯಿತು’ ಎಂದು ನಡಾವಳಿಯಲ್ಲಿ ಬರೆದರೆ ಅದು ಸ್ಥಿರೀಕರಣವಲ್ಲ. ಗಮನಿಸುವುದು ಒಪ್ಪುವುದಲ್ಲ. ‘ಮುಂದಿನ ಕ್ರಮಕ್ಕೆ ಅನುಮತಿಸಲಾಯಿತು’ ಎಂದರೂ ಹಿಂದಿನದಕ್ಕೆ ನೆರಳು ಸಿಗುವುದಿಲ್ಲ. ಇಂಥ ಒಂದು ಪಠ್ಯ ಬೇಕು: ‘ದಿನಾಂಕ ಇಂಥದ್ದರಂದು, ಇಂಥವರು, ಸಂಸ್ಥೆಯ ಪರವಾಗಿ, ಇಂಥ ಪಕ್ಷದೊಂದಿಗೆ ಮಾಡಿಕೊಂಡ, ಅನುಬಂಧ 1ರಲ್ಲಿ ಲಗತ್ತಿಸಿರುವ ಕರಾರನ್ನು, ಆ ದಿನ ಅವರಿಗೆ ಅದಕ್ಕೆ ಅಧಿಕಾರ ಇರಲಿಲ್ಲ ಎಂಬುದನ್ನೂ ಕರಾರಿನ ಎಲ್ಲ ಷರತ್ತುಗಳನ್ನೂ ತಿಳಿದುಕೊಂಡು, ಆ ದಿನಾಂಕದಿಂದಲೇ ಅನ್ವಯವಾಗುವಂತೆ ಸಂಪೂರ್ಣವಾಗಿ ಸ್ಥಿರೀಕರಿಸಲಾಗಿದೆ.’

ಇಲ್ಲಿ ಪ್ರತಿ ತುಣುಕಿಗೂ ಕೆಲಸ ಇದೆ. ‘ತಿಳಿದುಕೊಂಡು’ ಏಕೆಂದರೆ ಕರಾರು ಅಧಿನಿಯಮದ 198ನೇ ಕಲಮಿನಂತೆ ಮುಖ್ಯ ಸಂಗತಿಗಳ ಅರಿವು ದೋಷಪೂರ್ಣವಾಗಿದ್ದರೆ ಸ್ಥಿರೀಕರಣ ಊರ್ಜಿತವಲ್ಲ. ಮಂಡಳಿಗೆ ಒಂದು ಪುಟದ ಸಾರಾಂಶ ತೋರಿಸಿ, ದಂಡದ ಷರತ್ತು ಮುಚ್ಚಿಟ್ಟು ಪಡೆದ ಒಪ್ಪಿಗೆ ಆಮೇಲೆ ಕುಸಿಯುತ್ತದೆ. ‘ಸಂಪೂರ್ಣವಾಗಿ’ ಏಕೆಂದರೆ 199ನೇ ಕಲಮಿನಂತೆ ಒಂದು ಭಾಗ ಒಪ್ಪಿದರೆ ಇಡೀ ವ್ಯವಹಾರ ಒಪ್ಪಿದಂತೆ. ಲಾಭದ ಷರತ್ತು ಇಟ್ಟುಕೊಂಡು ಹೊರೆಯ ಷರತ್ತು ಬಿಡುವಂತಿಲ್ಲ. ಷರತ್ತು ಬದಲಿಸಬೇಕೆನಿಸಿದರೆ ಅದು ಸ್ಥಿರೀಕರಣವಲ್ಲ, ಹೊಸ ಪ್ರಸ್ತಾವ. ಎದುರು ಪಕ್ಷ ಮತ್ತೆ ಒಪ್ಪಬೇಕು. ಅನುಬಂಧ ಲಗತ್ತಿಸುವುದು ಏಕೆಂದರೆ ಸಹಿಯಾದ ಪ್ರತಿ ಒಂದು, ಸಭೆಯ ಮುಂದೆ ಬಂದ ಪ್ರತಿ ಇನ್ನೊಂದು ಆಗಿರುವುದು ನಂಬಲಾಗದಷ್ಟು ಸಾಮಾನ್ಯ. ಸಹಿಯಾದ ಪ್ರತಿಯ ಪ್ರತಿ ಪುಟಕ್ಕೂ ಸಭೆಯ ಅಧ್ಯಕ್ಷರ ಚುಟುಕು ಸಹಿ ಹಾಕಿಸಿದರೆ ಆ ಸಂಶಯ ಮುಗಿಯುತ್ತದೆ.

ಕೋರಂ ಇತ್ತೇ, ಆ ಕರಾರಿನಲ್ಲಿ ಸ್ವಂತ ಹಿತ ಇರುವ ಸದಸ್ಯರು ಮತದಿಂದ ಹೊರಗಿದ್ದರೇ, ಆ ಮೊತ್ತಕ್ಕೆ ಈ ಮಂಡಳಿಗೇ ಅಧಿಕಾರ ಇದೆಯೇ ಅಥವಾ ಸರ್ವಸದಸ್ಯರ ಸಭೆ ಬೇಕೇ ಎಂಬುದನ್ನು ಮುಂಚೆಯೇ ನೋಡಬೇಕು. ತನಗೇ ಇಲ್ಲದ ಅಧಿಕಾರವನ್ನು ಮಂಡಳಿ ಇನ್ನೊಬ್ಬರಿಗೆ ಹಿಂದಿನ ದಿನಾಂಕದಿಂದ ಕೊಡಲಾರದು. ಇನ್ನು ನಡವಳಿಕೆ: ಸರಕು ಬಳಸಿದರೆ, ಬಡ್ಡಿ ಪಡೆದರೆ, ಕಂತು ಕಟ್ಟಿದರೆ ಬಾಯಿಬಿಡದೆಯೂ ಸ್ಥಿರೀಕರಣ ಆಗಿಬಿಡಬಹುದು. ಕರಾರು ಬೇಡವಾದರೆ ಗೊತ್ತಾದ ಕೂಡಲೇ ಬರವಣಿಗೆಯಲ್ಲಿ ನಿರಾಕರಿಸಿ, ಬಂದದ್ದನ್ನು ಮುಟ್ಟದೆ ಹಿಂದಿರುಗಿಸಬೇಕು.

ಕಾರ್ಮಿಕ ಸಂಘಗಳಲ್ಲಿ ಸ್ಥಿರೀಕರಣಕ್ಕೆ ಇನ್ನೊಂದು ರೂಪ ಇದೆ: ಸಂಧಾನ ಸಮಿತಿ ತಾತ್ಕಾಲಿಕ ಒಪ್ಪಂದಕ್ಕೆ ಬರುತ್ತದೆ, ಸದಸ್ಯರು ಮತ ಹಾಕಿ ಗಟ್ಟಿ ಮಾಡುತ್ತಾರೆ. ಅಲ್ಲಿ ಜಗಳ ಹುಟ್ಟುವುದು ಬಹುಮತ ಯಾರದ್ದು ಎಂಬ ಪ್ರಶ್ನೆಯಲ್ಲಿ. 1,000 ಸದಸ್ಯರಲ್ಲಿ 400 ಜನ ಮತ ಹಾಕಿ 210 ಜನ ಹೌದು ಎಂದರೆ, ಮತ ಹಾಕಿದವರ ಬಹುಮತದ ಲೆಕ್ಕದಲ್ಲಿ ಒಪ್ಪಂದ ಪಾಸು, ಒಟ್ಟು ಸದಸ್ಯರ ಲೆಕ್ಕದಲ್ಲಿ ಬಿತ್ತು. ಯಾವ ಲೆಕ್ಕ ಎಂಬುದು ಮಾತುಕತೆ ಶುರುವಾಗುವ ಮೊದಲೇ ಬೈಲಾದಲ್ಲಿ ಇರಬೇಕು. ಸದಸ್ಯರಿಗೆ ಸಾರಾಂಶವಲ್ಲ, ಪೂರ್ತಿ ಪಠ್ಯ ಕೊಟ್ಟು, ಓದಲು ಕೆಲವು ದಿನ ಬಿಟ್ಟು ಮತ ಕೇಳಬೇಕು. ಬಿದ್ದರೆ ಮತ್ತೆ ಮಾತುಕತೆಗೆ ಕೂರುವುದು ಮುಂದಿನ ಹೆಜ್ಜೆ. ತಿರಸ್ಕಾರ ತಾನಾಗಿ ಮುಷ್ಕರದ ತೀರ್ಮಾನವಲ್ಲ, ಅದಕ್ಕೆ ಬೇರೆ ಮತ ಬೇಕು.

ಎಲ್ಲ ಸರಿಯಾಗಿ ಮಾಡಿ ಕೊನೆಯ ಹೆಜ್ಜೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಸಿಸಿಪಿ ರಾಜ್ಯ ಸಾಕ್ಷಿ. ಗುಲಾಮಗಿರಿಯನ್ನು ರದ್ದು ಮಾಡಿದ 13ನೇ ತಿದ್ದುಪಡಿ 1865ರಲ್ಲೇ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಪಡೆದು ಜಾರಿಯಾಗಿತ್ತು. ಅಂದು ತಿರಸ್ಕರಿಸಿದ್ದ ಮಿಸಿಸಿಪಿಯ ಶಾಸನಸಭೆ 1995ರಲ್ಲಿ ಅದನ್ನು ಒಪ್ಪಿ ಮತ ಹಾಕಿತು. ಆದರೆ ಆ ನಿರ್ಣಯದ ಪ್ರತಿಯನ್ನು ಒಕ್ಕೂಟದ ದಾಖಲೆ ಕಚೇರಿಗೆ ಕಳಿಸಲೇ ಇಲ್ಲ. ಅದನ್ನು ಒಬ್ಬರು ಗಮನಿಸಿ, ಪತ್ರ ಹೋಗಿ, ದಾಖಲೆಯಲ್ಲಿ ಹೆಸರು ಸೇರಿದ್ದು 2013ರ ಫೆಬ್ರವರಿಯಲ್ಲಿ. ಮಂಡಳಿಯ ನಿರ್ಣಯವೂ ನಡಾವಳಿ ಪುಸ್ತಕದಲ್ಲೇ ಕುಳಿತಿರಬಾರದು: ದೃಢೀಕರಿಸಿದ ಪ್ರತಿಯನ್ನು ಎದುರು ಪಕ್ಷಕ್ಕೆ ಕಳಿಸಿ, ತಲುಪಿದ್ದಕ್ಕೆ ರಸೀದಿ ಪಡೆದು, ಆ ರಸೀದಿಯನ್ನು ಮೂಲ ಕರಾರಿನೊಂದಿಗೇ ಒಂದೇ ಕಡತದಲ್ಲಿ ಇಡಬೇಕು.